ಮೂಲಂಗಿ ಸಾರ್ಜೆಂಟನ ಗುಲಾಬಿ ಶಿಲುಬೆ

ಓರ್ಬೆಲ್ ಪಡೆಯ ಸಾರ್ಜೆಂಟ್ ಆನ್ಸೆಲ್ಮ್ ಪೆಕಿನ್ಯೋನನ್ನು ಹೆತ್ತ ತಾಯಿಯೊಬ್ಬಳನ್ನು ಬಿಟ್ಟರೆ ಯಾರೂ ಆನ್ಸೆಲ್ಮ್ ಎಂದು ಕರೆದವರಲ್ಲ. ಪಡೆಗೆ ಸೇರುವ ದಿನ ಹಳೆಯ ಹೆಸರನ್ನು ಬಾಗಿಲಾಚೆ ಬಿಟ್ಟು ಹೊಸದೊಂದನ್ನು ತೊಡುವುದು ಹದಿನೈದನೆಯ ಲೂಯಿ ದೊರೆಯ ಕಾಲಾಳುಗಳ ವಾಡಿಕೆ. ಅವನ ಊರಿನಿಂದ ಅದೇ ದಿನ ಸೇರಿದವರಲ್ಲಿ ಒಬ್ಬ ಸಿಂಹದೆದೆಯಾದ, ಒಬ್ಬ ನಿಶ್ಚಿಂತನಾದ, ಪಕ್ಕದ ಮನೆಯ ಗೆಳೆಯ ಸೇವಂತಿಗೆಯಾದ. ಇವನ ಸರದಿ ಬರುವ ಹೊತ್ತಿಗೆ ಭರ್ತಿ ಮಾಡಿಕೊಳ್ಳುವ ಸಾರ್ಜೆಂಟನ ತಲೆಯಲ್ಲಿ ಹೂಗಳೂ ಮುಗಿದಿದ್ದವು, ಶೌರ್ಯವೂ ಮುಗಿದಿತ್ತು. ಎದುರಿಗೆ ನಿಂತ ಯುವಕ ಹಸಿವು ತಾಳಲಾರದೆ ಏನನ್ನೋ ಕರಕರ ಕಡಿಯುತ್ತಿದ್ದ. ಸಾರ್ಜೆಂಟ್ ಅದನ್ನೇ ಬರೆದುಕೊಂಡ. ಹೀಗೆ ಫ್ರಾನ್ಸ್ ದೇಶದ ಸೈನ್ಯಕ್ಕೆ ಒಬ್ಬ ಮೂಲಂಗಿ ಸಿಕ್ಕಿದ.

ಇಷ್ಟು ವರ್ಷ ಕಳೆದರೂ ಮೂಲಂಗಿಗೆ ಆ ಹೆಸರು ಮೈಗೆ ಹತ್ತಿರಲಿಲ್ಲ. ಸಾಲದ್ದಕ್ಕೆ ಅವನ ಮೈಕಟ್ಟೂ ಹೆಸರಿಗೆ ತಕ್ಕಂತೆ ಬೆಳೆದಿತ್ತು. ಮೇಲೆ ಅಗಲ, ಕೆಳಗೆ ಸಣಕಲು, ಚಳಿಗಾಲದಲ್ಲಿ ಮೂಗಿನ ತುದಿ ಕೆಂಪು. ಕವಾಯತಿನ ಬಯಲಲ್ಲಿ "ಮೂಲಂಗಿ, ಸಾಲು ಸರಿಮಾಡು" ಎಂಬ ಕೂಗು ಕೇಳಿದಾಗಲೆಲ್ಲ ತರಕಾರಿ ಮಾರುವ ಹೆಂಗಸರು ತಿರುಗಿ ನೋಡುತ್ತಿದ್ದರು. ಅವನ ಎದೆಯೊಳಗೆ ಒಂದೇ ಒಂದು ಆಸೆ ಬೇರು ಬಿಟ್ಟಿತ್ತು. ಸಾಯುವುದರೊಳಗೆ ಒಮ್ಮೆಯಾದರೂ ತನ್ನನ್ನು ಯಾರಾದರೂ 'ಮೊಸ್ಯೂ', ಎಂದರೆ ಶ್ರೀಯುತರೇ, ಎನ್ನಬೇಕು.

ಆ ಮರ್ಯಾದೆ ಅಧಿಕಾರಿಗಳಿಗೆ ಮಾತ್ರ. ಅಧಿಕಾರಿಯಾಗಲು ಒಳ್ಳೆಯ ವಂಶದಲ್ಲಿ ಹುಟ್ಟಬೇಕು. ಮೂಲಂಗಿ ಹುಟ್ಟಿದ್ದು ಪೀಪಾಯಿ ಮಾಡುವವನ ಮನೆಯಲ್ಲಿ. ಆದರೆ ಈಚೆಗೆ ಬಂದ ರಾಜಾಜ್ಞೆಯೊಂದು ಗೋಡೆಯಲ್ಲಿ ಸಣ್ಣ ಕಿಂಡಿ ತೆರೆದಿತ್ತು. ಅಲ್ಲಿಯವರೆಗೆ ಬಾವುಟ ಹೊರುತ್ತಿದ್ದವರು ಮೀಸೆ ಮೂಡದ ಶ್ರೀಮಂತ ಕುವರರು. ಇನ್ನು ಮೇಲೆ ನುರಿತ ಸಾರ್ಜೆಂಟರಲ್ಲೇ ಒಬ್ಬನನ್ನು ಆರಿಸಿ ಬಾವುಟಧಾರಿಯಾಗಿ ನೇಮಿಸಬೇಕು, ಅವನು ಅಧಿಕಾರಿಯ ಸಾಲಿಗೆ ಸೇರಬೇಕು ಎಂದು ಆಜ್ಞೆಯಾಗಿತ್ತು. ಮೊದಲು ಆ ಭಾಗ್ಯ ಕಂಡವನು 'ಬೆಕ್ಕಿನಮೀಸೆ' ಎಂಬ ಸಾರ್ಜೆಂಟ್. ನೇಮಕವಾದ ಬೆಳಿಗ್ಗೆಯೇ ಅವನು ಮೊಸ್ಯೂ ಗೊದಾರ್ ಆಗಿಬಿಟ್ಟ. ಹಿಂದಿನ ದಿನ ಅವನ ಜೊತೆ ಈರುಳ್ಳಿ ಸುಲಿದವರು ಮರುದಿನ ಟೋಪಿ ತೆಗೆದು ನಿಂತರು. ಅಂದು ಮೂಲಂಗಿಗೆ ಊಟ ಸೇರಲಿಲ್ಲ.

ಈಗ ಮೊಸ್ಯೂ ಗೊದಾರರ ಕಾಲಿಗೆ ವಾತ ಹಿಡಿದು ಅವರು ಪ್ಯಾರಿಸಿನ ಮುದಿ ಸೈನಿಕರ ಆಶ್ರಮಕ್ಕೆ ಗಾಡಿ ಹತ್ತಿದ್ದರು. ಬಾವುಟ ಹೊರುವ ಜಾಗ ಖಾಲಿಯಿತ್ತು.

ಓರ್ಬೆಲ್ ಪಡೆ ಆಗ ಮ್ಯೂಜ್ ನದಿಯ ದಂಡೆಯ ಜಿವೇ ಕೋಟೆಯಲ್ಲಿ ಬೀಡುಬಿಟ್ಟಿತ್ತು. ಪಡೆಗೆ ಓರ್ಬೆಲ್ ಎಂಬ ಹೆಸರು ಬಂದದ್ದು ಅದರ ಕರ್ನಲ್ ಓರ್ಬೆಲ್ ವಂಶದ ತರುಣನಾದ್ದರಿಂದ. ಅವನು ವರ್ಸಾಯಿಯ ಅರಮನೆಯಲ್ಲಿ ಇಸ್ಪೀಟಾಡುತ್ತ ಪಡೆಯನ್ನು ಪ್ರೀತಿಯಿಂದ ನೆನೆಯುತ್ತಿದ್ದನಂತೆ. ಕರ್ನಲ್ ಬದಲಾದಾಗಲೆಲ್ಲ ಪಡೆಯ ಹೆಸರೂ ಬದಲಾಗುತ್ತಿತ್ತು. ಮೂಲಂಗಿ ಮಲಗುವ ಮಂಚ ಬದಲಿಸದೆಯೇ ಹಲವು ಪಡೆಗಳಲ್ಲಿ ಸೇವೆ ಸಲ್ಲಿಸಿದ್ದ.

ದೊರೆಯ ಕಾಲಾಳುಗಳೆಲ್ಲರದ್ದೂ ಬಿಳಿಯ ಕೋಟು. ಬಿಳಿ ಎಂದರೆ ಕುರಿ ತನ್ನ ಮೈಮೇಲೆ ಹೊತ್ತಿದ್ದಷ್ಟೇ ಬಿಳಿ. ಉಳಿದದ್ದನ್ನು ಸೈನಿಕನೇ ಸುಣ್ಣದ ಪುಡಿ ತಿಕ್ಕಿ ತುಂಬಿಸಿಕೊಳ್ಳಬೇಕು. ತಪಾಸಣೆಯ ಹಿಂದಿನ ದಿನ ಬಿಡಾರದೊಳಗೆ ಕಾಲಿಟ್ಟರೆ ಹಿಟ್ಟಿನ ಗಿರಣಿಗೆ ಬಂದಂತಾಗುತ್ತಿತ್ತು. ಕೋಟು ಸವೆದರೆ ಎಸೆಯುವುದಿಲ್ಲ. ಹೊಲಿಗೆ ಬಿಚ್ಚಿ ಒಳಗಿನದನ್ನು ಹೊರಗೆ ಮಾಡಿ ಮತ್ತೆ ಹೊಲಿಯುತ್ತಾರೆ. ಒಡೆಯ ಸತ್ತರೂ ಅಷ್ಟೇ, ತಿರುಗಿಸಿ ಇನ್ನೊಬ್ಬನಿಗೆ ಕೊಡುತ್ತಾರೆ. ಮೂಲಂಗಿಯ ಮೈಮೇಲಿದ್ದದ್ದು ಸೇವಂತಿಗೆಯ ಕೋಟು. ಯುದ್ಧ ಮುಗಿದ ಮೇಲೆ ಹೊಸ ಬಟ್ಟೆ ಬರುತ್ತದೆ ಎಂದಿದ್ದರು, ಇನ್ನೂ ಬರುತ್ತಲೇ ಇತ್ತು.

ಒಂದು ಪಡೆಯಿಂದ ಇನ್ನೊಂದನ್ನು ಬೇರ್ಪಡಿಸುವುದು ಕಾಲರು ಮತ್ತು ತೋಳಂಚಿನ ಬಣ್ಣ, ಗುಂಡಿ ಮತ್ತು ಜೇಬು. ಓರ್ಬೆಲ್ ಪಡೆಯದ್ದು ಕಡುಗೆಂಪು. ದುರದೃಷ್ಟವೆಂದರೆ ಅದೇ ಕೋಟೆಯ ಇನ್ನೊಂದು ಬದಿಯಲ್ಲಿದ್ದ ತ್ರೆನ್ಯಾಕ್ ಪಡೆಯದ್ದೂ ಕಡುಗೆಂಪು. ಇವರ ಜೇಬಿನ ಗುಂಡಿಗಳು ಬಾತುಕೋಳಿಯ ಪಾದದಂತೆ ಹರಡಿಕೊಂಡಿದ್ದರೆ ಅವರದ್ದು ಸಾಲಾಗಿ ನಿಂತಿದ್ದವು. ಹೀಗಾಗಿ ಹೆಂಡದಂಗಡಿಯಲ್ಲಿ ಜಗಳ ಹತ್ತಿದರೆ ಎರಡೂ ಕಡೆಯ ವೀರರು ಕೈ ಎತ್ತುವ ಮೊದಲು ಬಗ್ಗಿ ಎದುರಾಳಿಯ ಜೇಬು ನೋಡಿಕೊಳ್ಳಬೇಕಿತ್ತು. ಹಾಗೆ ಬಗ್ಗಿದಾಗಲೇ ಹೆಚ್ಚಿನವರಿಗೆ ಏಟು ಬಿದ್ದದ್ದು.

ಊರಲ್ಲಿ ಪಡೆಯನ್ನು ನಡೆಸುತ್ತಿದ್ದವರು ಉಪಕರ್ನಲ್ ಮೊಸ್ಯೂ ದ ಬ್ರೆಕೂರ್. ಒಳ್ಳೆಯವರು, ಆದರೆ ಬಾಯಿ ಮೊದಲು ಓಡಿ ಬುದ್ಧಿ ಆಮೇಲೆ ಏದುಸಿರು ಬಿಡುತ್ತ ಬರುವ ಜಾತಿ. ಅವರು ಬಾವುಟಕ್ಕೆ ಇಬ್ಬರನ್ನು ಆರಿಸಿದ್ದರು. ಒಬ್ಬ ಮೂಲಂಗಿ. ಇನ್ನೊಬ್ಬ 'ಚೆಂದಗಾಲ' ಎಂಬ ಸಾರ್ಜೆಂಟ್. ಆರಡಿ ಎತ್ತರ, ಬೆಣ್ಣೆ ಹಚ್ಚಿದಂಥ ಮೀಸೆ, ಬಿಳಿ ಪಟ್ಟಿ ಸುತ್ತಿದ ಕಾಲುಗಳಂತೂ ಊರಿನ ಹೆಂಗಸರಿಗೆ ಕಣ್ಣಿಗೆ ಹಬ್ಬ. ಸದ್ಯದಲ್ಲೇ ತಪಾಸಣೆಗೆ ಬರಲಿದ್ದ ಜನರಲ್ ಸಾಹೇಬರೇ ಇಬ್ಬರಲ್ಲಿ ಒಬ್ಬನನ್ನು ನೇಮಿಸುವುದೆಂದೂ, ಹಿರಿಯನಾದ್ದರಿಂದ ಅಲ್ಲಿಯವರೆಗೆ ಬಾವುಟದ ಕಾವಲು ಮೂಲಂಗಿಯದೆಂದೂ ಬ್ರೆಕೂರ್ ತೀರ್ಮಾನಿಸಿದರು.

ಬಾವುಟವೆಂದರೆ ಆಳೆತ್ತರಕ್ಕಿಂತ ಉದ್ದದ ರೇಷ್ಮೆ. ನಡುವೆ ದೊರೆಯ ಬಿಳಿ ಶಿಲುಬೆ, ನಾಲ್ಕು ಮೂಲೆಗಳಲ್ಲಿ ಎರಡು ಕಡುಗೆಂಪು, ಎರಡು ಹಸಿರು. ಅದು ಯುದ್ಧ ಕಂಡ ಬಾವುಟ. ಬ್ರೆಕೂರರ ಊಟದ ಕೋಣೆಯ ಮೂಲೆಯಲ್ಲಿ ಅದನ್ನು ನಿಲ್ಲಿಸಿರುತ್ತಿದ್ದರು. ಕಾಲಾಳುಗಳ ಪಾಲಿನ ಸಂತ ಮಾರಿಸನ ಹಬ್ಬದ ದಿನ ಅಧಿಕಾರಿಗಳೆಲ್ಲ ಅಲ್ಲೇ ಊಟಕ್ಕೆ ಕುಳಿತರು. ಬಾತುಕೋಳಿಯ ಹುರಿದ ಮಾಂಸ, ಕೊಬ್ಬಿನ ಸಾರು, ಧಾರಾಳ ವೈನು. ಶತ್ರುವಿನ ಫಿರಂಗಿಗೆ ತಲೆಬಾಗದ ಆ ಬಾವುಟದ ಕಥೆ ಆ ರಾತ್ರಿ ಮುಗಿಯಿತು. ಸ್ಥೂಲಕಾಯದ ಕ್ಯಾಪ್ಟನ್ ಒಬ್ಬರು ಎದ್ದುಹೋಗುವಾಗ ಕೈಗೆ ಸಿಕ್ಕ ಬಟ್ಟೆಯಲ್ಲಿ ಮೊದಲು ಬಾಯಿ, ಆಮೇಲೆ ಹತ್ತೂ ಬೆರಳನ್ನು ಒಂದೊಂದಾಗಿ ಒರೆಸಿಕೊಂಡರು.

ಬೆಳಿಗ್ಗೆ ಬಂದ ಮೂಲಂಗಿ ಬಾವುಟವನ್ನು ಬಿಡಿಸಿ ನೋಡಿದ. ಫ್ರಾನ್ಸಿನ ಬಿಳಿ ಶಿಲುಬೆಯ ಕೆಳತೋಳಿನ ಮೇಲೆ ಜಿಡ್ಡಿನ ಹಳದಿ ಕಲೆ, ಅಂಗೈ ಅಗಲಕ್ಕೆ. ಮದ್ದಿನ ಹೊಗೆಯ ಕಪ್ಪಾಗಿದ್ದರೆ ಅದು ಗೌರವ. ಗುಂಡು ತೂರಿದ ತೂತಾಗಿದ್ದರೆ ಇನ್ನೂ ದೊಡ್ಡ ಗೌರವ. ಬಾತುಕೋಳಿಯ ಕೊಬ್ಬಿಗೆ ಯಾವ ಪಡೆಯಲ್ಲೂ ಗೌರವವಿಲ್ಲ. ಕಾವಲು ಯಾರದು ಎಂದು ಜನರಲ್ ಕೇಳಿದರೆ ಬರುವ ಉತ್ತರವೂ ಒಂದೇ.

ಬಾವುಟವನ್ನು ಕೋಲಿನಿಂದ ಬಿಚ್ಚಿ, ಕೋಟಿನೊಳಗೆ ಹೊಟ್ಟೆಗೆ ಸುತ್ತಿಕೊಂಡು ಅವನು ನದಿಯ ದಂಡೆಗೆ ಹೋದ. ಅಲ್ಲಿ ಪಡೆಯ ಅಗಸಗಿತ್ತಿ ಬಾರ್ಬಮ್ಮ ತನ್ನ ತೊಟ್ಟಿಯ ಮುಂದೆ ಕುಳಿತು ಅಂಗಿಗಳನ್ನು ಬಡಿಯುತ್ತಿದ್ದಳು. ನಲವತ್ತು ದಾಟಿದ ವಿಧವೆ. ಗಂಡ ಇದೇ ಪಡೆಯಲ್ಲಿದ್ದವನು. ಅವಳ ಒದ್ದೆ ತೋಳುಗಳನ್ನು ಕಂಡರೆ ಅಂಗಿಗೂ ಭಯ, ಅಂಗಿ ತೊಟ್ಟವನಿಗೂ ಭಯ. ಹೊಟ್ಟೆಯಿಂದ ಬಾವುಟ ಹೊರಬರುತ್ತಲೇ ಅವಳು ಬಟ್ಟೆ ಬಡಿಯುವ ಕೋಲನ್ನು ಕೆಳಗಿಟ್ಟಳು.

"ಹುಚ್ಚು ಹಿಡೀತಾ ಮೂಲಂಗಿ? ಬಾವುಟ ಯಾರಾದರೂ ಒಗೀತಾರಾ?"

"ಜಿಡ್ಡು ಕಣೇ. ಸಾಬೂನು ಹಾಕಿ ಒಂದು ಸಲ ಅದ್ದಿ ತೆಗೀ ಅಷ್ಟೆ."

"ನಾನು ಮುಟ್ಟಲ್ಲ. ಕಡುಗೆಂಪು ಇದೆಯಲ್ಲ, ಅದು ಸುಳ್ಳುಬುರುಕ ಗಂಡಸಿದ್ದ ಹಾಗೆ. ಒಣಗಿರೋವರೆಗೂ ಮಾತಿಗೆ ತಪ್ಪಲ್ಲ. ನೀರು ಕಂಡ ಕೂಡಲೇ ಪಕ್ಕದವಳ ಮೈಮೇಲೆ ಬೀಳುತ್ತೆ."

ಮೂಲಂಗಿ ತನ್ನ ತೋಳಂಚನ್ನು ಅವಳ ಮೂಗಿನ ಮುಂದೆ ಚಾಚಿದ. ಇದೂ ಕಡುಗೆಂಪೇ, ಯುದ್ಧ ನಡೆದ ಹೆಸ್ಸೆ ಸೀಮೆಯ ಅಷ್ಟೂ ಮಳೆ ಕುಡಿದಿದೆ, ಒಂದು ಹನಿ ಬಣ್ಣ ಬಿಟ್ಟಿದೆಯೇ ಎಂದು ವಾದ ಹೂಡಿದ. ಅದು ಉಣ್ಣೆ, ಇದು ರೇಷ್ಮೆ ಎಂದು ಬಾರ್ಬಮ್ಮ ಹೇಳಿದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಡೆಯ ಬಣ್ಣ ಪಡೆಗೆ ದ್ರೋಹ ಬಗೆಯುವುದಿಲ್ಲ ಎಂದು ಘೋಷಿಸಿ, ತೋಳು ಮಡಿಸಿ, ತಾನೇ ತೊಟ್ಟಿಗೆ ಇಳಿಸಿದ.

ಜಿಡ್ಡು ಹೋಯಿತು. ಅದನ್ನು ಒಪ್ಪಲೇಬೇಕು. ಆದರೆ ತೊಟ್ಟಿಯ ನೀರು ಮೊದಲು ವೈನಾಯಿತು, ಆಮೇಲೆ ಬೀಟ್‌ರೂಟಿನ ಸಾರಾಯಿತು. ಬಾವುಟವನ್ನು ಮೇಲೆತ್ತಿದಾಗ ಫ್ರಾನ್ಸಿನ ಶಿಲುಬೆ ಈ ತುದಿಯಿಂದ ಆ ತುದಿಯವರೆಗೆ ಗುಲಾಬಿ ಬಣ್ಣದಲ್ಲಿ ನಾಚಿ ನಿಂತಿತ್ತು. ಮೇಲುತೋಳಿನಲ್ಲಿ ಮಗುವಿನ ಕೆನ್ನೆಯ ಗುಲಾಬಿ, ಅಡ್ಡತೋಳಿನಲ್ಲಿ ಹಂದಿಮರಿಯ ಗುಲಾಬಿ. ಮೂಲಂಗಿ ತಲೆಯ ಮೇಲೆ ಕೈಹೊತ್ತು ದಂಡೆಯ ಕಲ್ಲಿನ ಮೇಲೆ ಕುಸಿದ. ಬಾರ್ಬಮ್ಮ ವಿನಿಗರ್ ತಂದು ಉಜ್ಜಿದಳು, ಬಿಸಿಲಿಗೆ ಹಾಕಿದಳು. ಗುಲಾಬಿ ಇನ್ನಷ್ಟು ಹೊಳೆಯಿತು.

ಜನರಲ್ ಬರುವುದು ಮರುದಿನವೇ ಎಂದು ಸುದ್ದಿ ಬಂದಿತ್ತು.

ಬಿಳಿಯಾಗಿರಬೇಕಾದದ್ದು ಬಿಳಿಯಾಗಿಲ್ಲದಿದ್ದರೆ ದೊರೆಯ ಕಾಲಾಳಿನ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ? ಸುಣ್ಣದ ಪುಡಿಯ ಚೀಲಕ್ಕೆ. ಮೂಲಂಗಿ ಪುಡಿಯನ್ನು ಕಲಸಿ, ಕೋಟಿಗೆ ಬಳಿಯುವಂತೆಯೇ ಶಿಲುಬೆಗೆ ಬಳಿದ. ಒಂದು ಪದರಕ್ಕೆ ಗುಲಾಬಿ ಇಣುಕಿತು. ಇನ್ನೊಂದು ಬಳಿದ. ಅದೂ ಸಾಲದೆ ಧಾರಾಳವಾಗಿ ಮತ್ತೊಂದು. ಒಣಗಿ ಬಂದಾಗ ಶಿಲುಬೆ ಹೊಸ ಹಿಮದಂತಿತ್ತು. ಬಾವುಟ ಮಾತ್ರ ಬಾಗಿಲಿನಷ್ಟು ಬಿರುಸಾಗಿತ್ತು.

"ಗಾಳಿ ಬಂದರೆ?" ಎಂದಳು ಬಾರ್ಬಮ್ಮ.

"ಬರಲ್ಲ," ಎಂದ ಮೂಲಂಗಿ, ಹವಾಮಾನವೂ ತನ್ನ ಕಂಪನಿಯ ಆಳೇ ಎಂಬಂತೆ.

ತಪಾಸಣೆಯ ಬಯಲಲ್ಲಿ ಓರ್ಬೆಲ್ ಪಡೆ ಬಿಳಿ ಗೋಡೆಯಂತೆ ನಿಂತಿತು. ಡೋಲು ಬಡಿಯುತ್ತ, ಮೂಲಂಗಿಯ ಕೈಯಲ್ಲಿ ಬಾವುಟವನ್ನು ಕರೆತಂದರು. ಅದು ಹಾರಾಡಲಿಲ್ಲ, ಹಲಗೆಯಂತೆ ನೆಟ್ಟಗೆ ಬಂತು. ಬ್ರೆಕೂರ್ ಹುಬ್ಬೇರಿಸಿದರು, ಆದರೆ ಅಷ್ಟು ಬಿಳುಪನ್ನು ಕಂಡು ಮನಸ್ಸು ತುಂಬಿ ಸುಮ್ಮನಾದರು. ಸಾಲಿನ ಕೊನೆಯಲ್ಲಿ ನಿಂತಿದ್ದ ಚೆಂದಗಾಲ ತನ್ನ ಕಾಲನ್ನು ಕಣ್ಣಿಗೆ ಬೀಳುವಷ್ಟು ಮುಂದಿಟ್ಟು ಕಾದ. ಬೇಲಿಯಾಚೆ ತ್ರೆನ್ಯಾಕ್ ಪಡೆಯವರು ತಮಾಷೆ ನೋಡಲು ಸೇರಿದ್ದರು.

ಜನರಲ್ ಸಾಹೇಬರು ಕುದುರೆಯಿಂದ ಇಳಿದು ನಡೆದೇ ಬಂದರು. ಮುದುಕರು. ಎಡಗೈಯಲ್ಲಿ ಎರಡು ಬೆರಳಿಲ್ಲ. ಜರಿಯಂಚಿನ ಕಡುನೀಲಿ ಕೋಟು. ಅವರು ಎದುರಿಗೆ ಬಂದಾಗ ಬಾವುಟವನ್ನು ಮುಂದಕ್ಕೆ ಬಾಗಿಸಿ ವಂದಿಸಬೇಕು. ಮೂಲಂಗಿ ಅದನ್ನು, ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ಮೆಲ್ಲಗೆ ಬಾಗಿಸಿದ. ಅಷ್ಟರಲ್ಲಿ ಮ್ಯೂಜ್ ನದಿ ಬೆಳಿಗ್ಗೆಯಿಂದ ಬಚ್ಚಿಟ್ಟುಕೊಂಡಿದ್ದ ಗಾಳಿಯನ್ನೆಲ್ಲ ಒಮ್ಮೆಲೇ ಬಿಟ್ಟಿತು.

ಬಾವುಟ ಛಟೀರೆಂದು ಬಿರಿಯಿತು. ಸುಣ್ಣದ ಮೋಡವೊಂದು ಎದ್ದು, ಕ್ಷಣಕಾಲ ಯೋಚಿಸಿ, ಜನರಲ್ ಸಾಹೇಬರ ಮೇಲೆ ಇಳಿಯಿತು. ಅವರ ಟೋಪಿ, ಹುಬ್ಬು, ಜರಿ, ನೀಲಿ ಎಲ್ಲವೂ ಮುಳುಗಿದವು. ಅವರ ಕೂದಲಿಗೆ ಆ ಕಾಲದ ಶೋಕಿಯಂತೆ ಮೊದಲೇ ಬಿಳಿ ಪುಡಿ ಹಚ್ಚಿದ್ದರಿಂದ ಅದೊಂದಕ್ಕೆ ಏನೂ ಆಗಲಿಲ್ಲ. ಮೋಡ ಕರಗಿದಾಗ ಸಾಹೇಬರು ತಮ್ಮ ಇಡೀ ಜೀವಮಾನದಲ್ಲಿ ಮೊದಲ ಬಾರಿಗೆ ಸಾಮಾನ್ಯ ಕಾಲಾಳಿನ ಸಮವಸ್ತ್ರದಲ್ಲಿ ನಿಂತಿದ್ದರು. ಅವರ ತಲೆಯ ಮೇಲೆ, ಬಿಡುಗಡೆ ಸಿಕ್ಕ ಸಂತೋಷದಲ್ಲಿ, ಗುಲಾಬಿ ಶಿಲುಬೆ ಪಟಪಟ ಹಾರಾಡುತ್ತಿತ್ತು.

ಬೇಲಿಯಾಚೆ ಯಾರೋ ನಗು ತಡೆಯಲು ಹೋಗಿ ಕುದುರೆಯಂಥ ಸದ್ದು ಮಾಡಿದರು. ಓರ್ಬೆಲ್ ಪಡೆಯ ಸಾಲುಗಳಲ್ಲೂ ಭುಜಗಳು ಕುಲುಕುತ್ತಿದ್ದವು. ಜನರಲ್ ಒಮ್ಮೆ ಸೀನಿದರು. ಆಮೇಲೆ ತಲೆಯೆತ್ತಿ ಬಾವುಟವನ್ನು ನೋಡಿದರು.

ಬ್ರೆಕೂರರ ಬಾಯಿ ಬುದ್ಧಿಗೆ ಹೇಳದೆ ಓಡಿಬಿಟ್ಟಿತು. ಅದು ರಕ್ತವೆಂದರು. ಹೆಸ್ಸೆಯ ಹೊಳೆ ದಾಟುವಾಗ ಬಾವುಟದ ಸುತ್ತ ಬಿದ್ದ ವೀರರ ರಕ್ತ. ತೊಳೆಯಲು ಮನಸ್ಸು ಬಾರದೆ ಹಾಗೇ ಉಳಿಸಿಕೊಂಡಿದ್ದೇವೆ, ತಪಾಸಣೆಗಾಗಿ ಮರ್ಯಾದೆಗೆ ಸ್ವಲ್ಪ ಪುಡಿ ಹಾಕಿದ್ದು ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಆ ನೀರು ಸುಣ್ಣದಿಂದಲೂ ಬಂದಿರಬಹುದು.

ಜನರಲ್ ರೇಷ್ಮೆಯ ತುದಿಯನ್ನು ಉಳಿದ ಬೆರಳುಗಳಲ್ಲಿ ಹಿಡಿದು ಉಜ್ಜಿದರು. ಆಮೇಲೆ ಮೂಲಂಗಿಯ ಕಡೆ ತಿರುಗಿದರು.

"ಆ ಹೊಳೆ ಹತ್ತಿರ ನೀನಿದ್ಯಾ?"

"ಇದ್ದೆ, ಪ್ರಭುಗಳೇ."

"ಇದು ಆ ರಕ್ತಾನಾ?"

ಮೂಲಂಗಿ ತಲೆಯಾಡಿಸಿದ್ದರೆ ಸಾಕಿತ್ತು. ಆ ಒಂದು ತಲೆಯಾಟದ ಆಚೆ ಬದಿಯಲ್ಲಿ ಮೊಸ್ಯೂ ಪೆಕಿನ್ಯೋ ಟೋಪಿ ಹಾಕಿಕೊಂಡು ಕಾಯುತ್ತಿದ್ದರು. ಬ್ರೆಕೂರರಂತೂ ಕಣ್ಣಲ್ಲೇ ಅವನ ತಲೆಯನ್ನು ಹಿಡಿದು ಆಡಿಸುತ್ತಿದ್ದರು. ಆದರೆ ಮೂಲಂಗಿಗೆ ಆ ದಿನದ ಮಳೆ ನೆನಪಾಯಿತು. ಮಳೆಗೆ ಹೆದರಿ ಬಾವುಟವನ್ನು ಮೇಣದ ಬಟ್ಟೆಯ ಚೀಲದಿಂದ ಹೊರಗೇ ತೆಗೆದಿರಲಿಲ್ಲ. ಚೀಲದ ಪಕ್ಕದಲ್ಲಿ ಸೇವಂತಿಗೆ ನಿಂತಿದ್ದ. ಸಂಜೆಗೆ ದರ್ಜಿ ಅವನ ಕೋಟನ್ನು ಬಿಚ್ಚಿ, ತಿರುಗಿಸಿ, ಮೂಲಂಗಿಯ ಅಳತೆಗೆ ಬಿಗಿಮಾಡಿ ಕೊಟ್ಟಿದ್ದ.

ಅವನು ಒಂದು ಕೈಯಲ್ಲಿ ಬಾವುಟ ಹಿಡಿದೇ ಇನ್ನೊಂದು ಕೈಯಿಂದ ಕೋಟಿನ ಗುಂಡಿ ಬಿಚ್ಚಿ ಒಳಮೈಯನ್ನು ಹೊರಳಿಸಿ ತೋರಿಸಿದ. ಪಕ್ಕೆಯ ಹತ್ತಿರ ಹಳೆಯ ಗುರುತೊಂದಿತ್ತು.

"ರಕ್ತ ಗುಲಾಬಿಯಾಗಿ ಉಳಿಯಲ್ಲ, ಪ್ರಭುಗಳೇ. ಹೀಗೆ ಕಂದಾಗುತ್ತೆ. ಇದು ನನ್ನ ಗೆಳೆಯಂದು. ಬಾವುಟದ ಮೇಲಿರೋದು ಸಾಬೂನು. ನಾನೇ ಒಗೆದೆ."

ಬ್ರೆಕೂರ್ ಕಣ್ಣು ಮುಚ್ಚಿಕೊಂಡರು. ಜನರಲ್ ಬಗ್ಗಿ ಆ ಕಂದು ಗುರುತನ್ನು ನೋಡಿದರು. ಕೋಟು ಮುಚ್ಚಿಕೋ ಎಂದು ಸನ್ನೆ ಮಾಡಿ, ಏಕೆ ಒಗೆದೆ ಎಂದು ಕೇಳಿದರು. ಮೂಲಂಗಿ ಬಾತುಕೋಳಿಯ ವಿಷಯ ಹೇಳಿದ, ಕ್ಯಾಪ್ಟನ್ನರ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎರಡನೆಯ ಕಂಪನಿಯ ಮುಂದೆ ನಿಂತಿದ್ದ ಸ್ಥೂಲಕಾಯರೊಬ್ಬರು ಕೋಟಿನ ತೋಳಂಚಿನಷ್ಟೇ ಕಡುಗೆಂಪಾಗಿದ್ದರು.

ಜನರಲ್ ತೀರ್ಪು ಕೊಟ್ಟರು. ಪ್ಯಾರಿಸಿನಿಂದ ಹೊಸ ಬಾವುಟ ಬರಬೇಕು. ಬರುವವರೆಗೆ ಪಡೆ ಇದನ್ನೇ ಹೊರಬೇಕು, ಬಿಚ್ಚಿ, ಎಲ್ಲರಿಗೂ ಕಾಣುವಂತೆ. ಈಗಿಂದೀಗಲೇ ಊರ ನಡುವೆ ಮೆರವಣಿಗೆ ಹೊರಡಬೇಕು, ತ್ರೆನ್ಯಾಕ್ ಪಡೆಯ ಬಿಡಾರದ ಮುಂದಿನಿಂದಲೇ. ಪಟ್ಟಿಯಲ್ಲಿ ಇನ್ನೊಬ್ಬ ಇದ್ದಾನಲ್ಲ, ಬಾವುಟ ಅವನ ಕೈಗೆ ಕೊಡಿ ಎಂದರು.

ಚೆಂದಗಾಲ ಮುಂದೆ ಬಂದ. ಗುಲಾಬಿ ಶಿಲುಬೆಯನ್ನು ನೋಡಿದ. ಬೇಲಿಯಾಚೆ ಹಲ್ಲುಕಿರಿದು ನಿಂತ ತ್ರೆನ್ಯಾಕ್ ಪಡೆಯನ್ನು ನೋಡಿದ. ಊರಿನ ಕಿಟಕಿಗಳಲ್ಲಿ ತನಗಾಗಿ ಕಾಯುವ ಹೆಂಗಸರು ಅವನ ಕಣ್ಣ ಮುಂದೆ ಬಂದಿರಬೇಕು. ಮಣಿಕಟ್ಟಿನಲ್ಲಿ ಬಹಳ ದಿನದಿಂದ ಒಂದು ಉಳುಕು, ಪ್ರಭುಗಳು ಮನ್ನಿಸಬೇಕು ಎಂದು ತೊದಲಿದ.

"ಕಾಲು ಚೆನ್ನಾಗಿದೆ, ಕೈ ಆಗಲ್ಲ," ಎಂದರು ಜನರಲ್. "ಹಾಗಾದರೆ ಬಣ್ಣ ಹಾಕಿದವನೇ ಹೊರಲಿ."

ಬ್ರೆಕೂರರಿಗೆ ಈಗ ನಿಯಮದ ನೆನಪಾಯಿತು. ತಪಾಸಣೆಯ ಬಯಲಲ್ಲಿ ಕಾವಲಿನವನು ಹಿಡಿಯಬಹುದು, ಊರ ಮೆರವಣಿಗೆಯಲ್ಲಿ ನೇಮಕವಾದ ಬಾವುಟಧಾರಿಯಲ್ಲದೆ ಬೇರೆಯವರು ಬಾವುಟ ಹೊರುವಂತಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಜನರಲ್ ಟೋಪಿ ತೆಗೆದು ಕೊಡವಿದರು. ಇನ್ನೊಂದು ಸಣ್ಣ ಮೋಡ ಬ್ರೆಕೂರರ ಮೇಲೆ ಇಳಿಯಿತು.

"ಅವನನ್ನ ನೇಮಿಸಿ ಮತ್ತೆ. ಶಿಕ್ಷೆ ಅಂತಲೇ ನೇಮಿಸಿ, ನನಗೇನು?" ಆಮೇಲೆ ಸಾಲಿನತ್ತ ತಿರುಗಿ, "ಮೊಸ್ಯೂ, ಬಾವುಟ ಎತ್ತಿ."

ಮೂಲಂಗಿ ಅಲುಗಾಡಲಿಲ್ಲ. ಹಿಂದೆ ಯಾವ ಅಧಿಕಾರಿ ನಿಂತಿದ್ದಾರೆ ಎಂದು ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಮುಂದೆ ತಿರುಗುವಷ್ಟರಲ್ಲಿ ಅವನ ಮೂಗಿನ ತುದಿ ಚಳಿಯಿಲ್ಲದೆಯೂ ಕೆಂಪಾಗಿತ್ತು.

ಜಿವೇ ಪಟ್ಟಣದ ಬೀದಿಯಲ್ಲಿ ಆ ದಿನ ನಡೆದಂಥ ಮೆರವಣಿಗೆ ಅದಕ್ಕೆ ಮೊದಲು ನಡೆದಿರಲಿಲ್ಲ. ತ್ರೆನ್ಯಾಕ್ ಬಿಡಾರದ ಕಿಟಕಿಗಳಿಂದ ಶಿಳ್ಳೆ ಸುರಿಯಿತು. "ಯಾರ ಲಂಗ ಕಣ್ರೋ ಅದು? ಅವಳು ಹುಡುಕ್ತಾ ಇರ್ತಾಳೆ, ಕೊಟ್ಟುಬಿಡ್ರಪ್ಪ!" ಎಂದು ಒಬ್ಬ ಕೂಗಿದ. ಆ ಕ್ಷಣದವರೆಗೆ ಒಳಗೊಳಗೇ ನಗುತ್ತಿದ್ದ ಓರ್ಬೆಲ್ ಪಡೆಯ ಬೆನ್ನು ನೆಟ್ಟಗಾಯಿತು. ತಮ್ಮ ಬಾವುಟವನ್ನು ನೋಡಿ ತಾವು ನಗಬಹುದು. ಸಾಲುಗುಂಡಿಯ ಜೇಬಿನವರು ನಗುವುದು ಬೇರೆ ಮಾತು. ಹೆಜ್ಜೆಗಳು ಗುಡುಗಿದವು. ಮೂಲಂಗಿ ಎದೆಯುಬ್ಬಿಸಿ ಬಾವುಟವನ್ನು ಇನ್ನಷ್ಟು ಎತ್ತರಕ್ಕೆ ಎತ್ತಿದ.

ಆ ಸಂಜೆ ಹೆಂಡದಂಗಡಿಯಲ್ಲಿ ಗುಲಾಬಿಯ ಮಾನಕ್ಕಾಗಿ ಯುದ್ಧವಾಯಿತು. ಬೆಂಚುಗಳು ಮುರಿದವು, ಒಂದು ಪೀಪಾಯಿ ಹುತಾತ್ಮವಾಯಿತು. ಜೇಬು ನೋಡುವ ಕಷ್ಟವೂ ತಪ್ಪಿತು. ಓರ್ಬೆಲ್ ಪಡೆಯವರು ಒಬ್ಬೊಬ್ಬರೂ ಟೋಪಿಗೆ ಗುಲಾಬಿ ಚಿಂದಿಯೊಂದನ್ನು ಸಿಕ್ಕಿಸಿಕೊಂಡು ಬಂದಿದ್ದರು. ಬಾರ್ಬಮ್ಮನ ತೊಟ್ಟಿಯ ಆ ಬೀಟ್‌ರೂಟಿನ ಸಾರಿನಲ್ಲಿ ಅವಳೇ ಅದ್ದಿ ತೆಗೆದ ಚಿಂದಿಗಳು. ಮುಂದೆ ಪ್ಯಾರಿಸಿನಿಂದ ಹಿಮದಷ್ಟು ಬಿಳಿಯ ಹೊಸ ಬಾವುಟ ಬಂದಾಗ ಪಡೆ ಅದನ್ನು ಶಿಸ್ತಿನಿಂದ ವಂದಿಸಿತು, ಅತ್ತೆಮನೆಯವರನ್ನು ವಂದಿಸುವಂತೆ. ಹಳೆಯದನ್ನು ವಾಡಿಕೆಯಂತೆ ಚರ್ಚಿನಲ್ಲಿ ತೂಗುಹಾಕಿದರು.

ಸೇವೆಯಲ್ಲಿದ್ದಷ್ಟು ಕಾಲವೂ ಕಾಗದಪತ್ರದಲ್ಲಿ ಅವನು ಮೊಸ್ಯೂ ಪೆಕಿನ್ಯೋ. ಬಾಯಲ್ಲಿ ಮಾತ್ರ ಪಡೆಯವರೆಲ್ಲರಿಗೂ ಮೊಸ್ಯೂ ಮೂಲಂಗಿ. ಟೋಪಿ ತೆಗೆದೇ ಹಾಗೆ ಕರೆಯುತ್ತಿದ್ದುದರಿಂದ ಅವನಿಗೆ ಸಿಟ್ಟು ಮಾಡಿಕೊಳ್ಳಲು ಜಾಗವೇ ಇರಲಿಲ್ಲ. ನೇಮಕವಾದ ಮರುದಿನ ಅವನು ಅಧಿಕಾರಿಯ ಕತ್ತಿ ಕಟ್ಟಿಕೊಂಡು, ಕಾರಣವೇನೂ ಇಲ್ಲ ಎಂಬ ಮುಖ ಮಾಡಿ, ನದಿಯ ದಂಡೆಯಲ್ಲಿ ಸುಳಿದಾಡಿದ. ಬಾರ್ಬಮ್ಮ ಬಡಿಯುತ್ತಿದ್ದ ಅಂಗಿಯನ್ನು ಬಿಟ್ಟು ಎದ್ದು ನಿಂತಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅಡಿಯಿಂದ ಮುಡಿಯವರೆಗೆ ನೋಡಿ, ಮೊಣಕಾಲು ಬಗ್ಗಿಸಿ ವಂದಿಸಿದಳು.

"ಬನ್ನಿ ಮೊಸ್ಯೂ. ಒಗೆಯೋದು ಏನಾದರೂ ಇದ್ದರೆ ಇಲ್ಲಿಡಿ," ಎಂದಳು. "ಬಿಳಿದು ಬೇರೆ, ಬಣ್ಣದ್ದು ಬೇರೆ."